ಪಕ್ಕದ ಸೀಟಿನಲ್ಲಿ ಅತ್ತೆ

ಮೊನ್ನೆ ಮಗಳು ದೆಹಲಿಗೆ ಹೊರಡುವ ತಯಾರಿಯಲ್ಲಿ ಮೊಬೈಲು ನೋಡುತ್ತಾ, "ಅಮ್ಮಾ, ಬೆಂಗಳೂರಿಂದ ದಿಲ್ಲಿಗೆ ಸುಮಾರು ಸಾವಿರದ ಏಳ್ನೂರು ಕಿಲೋಮೀಟರ್. ವಿಮಾನದಾಗೆ ಮೂರು ತಾಸೂ ಬ್ಯಾಡ" ಎಂದಳು. ಒಗ್ಗರಣೆ ಸೀದ ವಾಸನೆ ಬರುವವರೆಗೂ ನಾನು ಸೌಟು ಹಿಡಿದು ನಿಂತೇ ಇದ್ದೆ. ಆ ದಾರಿಯಲ್ಲಿ ನಾನೂ ಒಮ್ಮೆ ಹಾರಿದ್ದೆ. ಪಕ್ಕದ ಸೀಟಿನಲ್ಲಿ ಯಾರಿದ್ದರೆಂದು ಹೇಳಿದರೆ ಆಗ ನನ್ನನ್ನು ಬಲ್ಲವರು ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ನಾವಿಬ್ಬರೂ ಮೆಚ್ಚಿ ಆದ ಮದುವೆ; ಹಿರಿಯರು ಮೆಚ್ಚಿದ್ದಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ, ಹರಿಹರದಲ್ಲಿ ಅತ್ತೆ. ಬಸ್ಸು ಹತ್ತಿ ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಬರುವ ಊರು. ಆದರೂ ಎರಡು ವರ್ಷದಲ್ಲಿ ಅವರು ಒಮ್ಮೆಯೂ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನಾನೇನು ಕಮ್ಮಿಯೇ? ಕರೆಯದೆ ಹೋಗುವುದು ಹೇಗೆ ಎಂಬ ಬಿಗುಮಾನ ನನ್ನದು.

ನಮ್ಮೆಜಮಾನರು ಊರಂಚಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಯಂತ್ರ ಕೂಡಿಸಲೆಂದು ದೆಹಲಿಗೆ ಹೋದವರಿಗೆ ಅಲ್ಲಿ ಲಾರಿ ಬಡಿಯಿತು. ಆಪರೇಷನ್ ಆಗಬೇಕು, ಮನೆಯವರು ಬೇಗ ಬರಲಿ ಎಂದು ಫೋನು ಬಂತು. ರೈಲಿನಲ್ಲಾದರೆ ಎರಡು ದಿನದ ಹಾದಿ. ಕಾರ್ಖಾನೆಯ ಮಾಲೀಕರು, ಪುಣ್ಯಾತ್ಮರು, ತಾವೇ ಮನೆಗೆ ಬಂದು, "ನಿಮಗೂ ಅವರವ್ವಗೂ ವಿಮಾನದ ಟಿಕೆಟ್ ಮಾಡ್ಸೀನಿ ತಂಗಿ. ಬೆಂಗ್ಳೂರಿಗೆ ಬಿಡಾಕ ಕಾರು ಐತೆ. ಧೈರ್ಯ ತಗೊಳ್ರಿ" ಎಂದರು.

ಹರಿಹರಕ್ಕೂ ಅವರೇ ಸುದ್ದಿ ಮುಟ್ಟಿಸಿದರು. ಅತ್ತೆ ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಂದರು. ಆಟೋದಿಂದ ಇಳಿದು ಗೇಟಿನ ಹತ್ತಿರ ಸೆರಗು ಹಿಡಿದು ನಿಂತರು. ಏನು ಮಾತಾಡಬೇಕೋ ತಿಳಿಯದೆ "ಒಳಗ ಬರ್ರಿ ಅತ್ತೆ" ಎಂದೆ.

ಬೆಂಗಳೂರಿನವರೆಗೆ ಇಬ್ಬರೂ ಕಿಟಕಿ ನೋಡುತ್ತ ಕೂತೆವು. ವಿಮಾನದಲ್ಲಿ ಬೆಲ್ಟು ಹಾಕಲು ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಗಗನಸಖಿ ಬಂದು ಇಬ್ಬರಿಗೂ ಬಿಗಿದು ಹೋದಳು. ನೆಲ ಬಿಟ್ಟಾಗ ಅತ್ತೆ "ಶಿವನೇ" ಎಂದು ನನ್ನ ಕೈ ಹಿಡಿದರು.

"ಹೆದ್ರಿಕೆ ಆಗ್ತೈತಾ ಅತ್ತೆ?"

"ಆಗ್ತೈತೆ. ನಿನಗ?"

"ನನಗೂ."

"ಹಂಗಾರೆ ಕೈ ಬಿಡಬ್ಯಾಡ."

ಆಮೇಲೆ ಮಾತು ತಾನಾಗಿ ಬಂತು. ಮಗ ಚಿಕ್ಕಂದಿನಲ್ಲಿ ತುಂಬಿದ ತುಂಗಭದ್ರೆಗೆ ಜಿಗಿದದ್ದು, ಈಜಿ ದಡ ಸೇರಿದವನನ್ನು ಇವರು ಹೊಡೆದದ್ದು, ಹೊಡೆದು ತಾವೇ ಅತ್ತದ್ದು. "ಆ ನೀರಿನಾಗಿಂದ ಎದ್ದು ಬಂದೋನು, ಇದ್ರಾಗಿಂದಾನೂ ಎದ್ದು ಬರ್ತಾನ" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. ಅಷ್ಟರಲ್ಲಿ ವಿಮಾನ ಇಳಿಯತೊಡಗಿತ್ತು.

ಆಪರೇಷನ್ ಆಗಿ ನಮ್ಮೆಜಮಾನರಿಗೆ ಎಚ್ಚರವಾದಾಗ ಹಾಸಿಗೆಯ ಎರಡೂ ಬದಿ ನೋಡಿ, "ಇಬ್ರೂ ಕೂಡಿ ಬಂದ್ರಾ?" ಎಂದರು. ತಾವು ಬದುಕಿದ್ದಕ್ಕಿಂತ ಅದೇ ಅವರಿಗೆ ದೊಡ್ಡ ಸೋಜಿಗವಾಗಿತ್ತು.

ಮಗಳ ಮಾತು ಕೇಳಿದ ಸಂಜೆಯೇ ಹರಿಹರಕ್ಕೆ ಹೋದೆ. ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಹೇಗೋ ಹೇಳಿದೆ: "ಅವತ್ತು ನೀವು ಬರದಿದ್ರೆ ನಾನು ಏನಾಗ್ತಿದ್ನೋ ಅತ್ತೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ನಾನೆಲ್ಲಿ ಬಂದೆ? ನೀನು ಕರ್ಕೊಂಡು ಹೋದಿ. ನೀ ಒಂದು ಮಾತು 'ಒಳಗ ಬರ್ರಿ' ಅನ್ನದಿದ್ರೆ, ಅದೇ ಆಟೋದಾಗ ವಾಪಸ್ ಹೋಗ್ತಿದ್ದೆ."