ಗೋದಲಿಯ ಮುಂದೆ ಅಡ್ಡ ಬಂದ ಕೈ

“ಗಂಡ-ಹೆಂಡ್ತಿ ಜೊತೆಗಿರೋ ಕುಟುಂಬಗಳು ಮಾತ್ರ ಬರ್ಬೇಕಮ್ಮ, ನೀವು ಬೆಂಚಲ್ಲಿ ಕೂತ್ಕೊಳ್ಳಿ” ಎಂದು ಚರ್ಚಿನ ಕಾರ್ಯಕರ್ತರೊಬ್ಬರು ಸೆಲಿನಮ್ಮನಿಗೆ ಕೈ ಅಡ್ಡ ಹಿಡಿದರು.

ಎಂಬತ್ತರ ದಶಕದ ಆರಂಭ. ಯಶವಂತಪುರದ ಕಡೆಯ ನಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್ ಮುಗಿದ ಮೇಲಿನ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಬಾಲಯೇಸು, ತಾಯಿ ಮರಿಯಮ್ಮ, ಸಾಕುತಂದೆ ಜೋಜಪ್ಪರ ಬೊಂಬೆಗಳಿರುವ ಗೋದಲಿಯ ಮುಂದೆ ಒಂದೊಂದೇ ಕುಟುಂಬ ಮೊಣಕಾಲೂರಿ ಫಾದರ್ ಕೈಯಿಂದ ಆಶೀರ್ವಾದ ಪಡೆಯುವುದು ವಾಡಿಕೆ. ಕಷ್ಟದ ಕಾಲದಲ್ಲಿ ಕುಟುಂಬಗಳಿಗೆ ಆಸರೆಯಾಗಬೇಕೆಂದು ಫಾದರ್ ಮಾಡಿದ ಪ್ರಸಂಗವನ್ನು ಆಗಷ್ಟೇ ಕೇಳಿದ್ದೆವು. ಸೆಲಿನಮ್ಮ ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ ತುಳಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಆ ಮನೆಯಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ತಪ್ಪಿದ್ದನ್ನು ನಾನು ಕಂಡಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಇವರು ನಮ್ಮ ಜೊತೆ ಬರುತ್ತಾರೆ ಎಂದು ಸೆಲಿನಮ್ಮನ ಕೈ ಹಿಡಿದೆ. ಸೆಲಿನಮ್ಮ ಮೆಲ್ಲನೆ ಬಿಡಿಸಿಕೊಂಡರು.

“ಬೇಡ ಅಕ್ಕ, ನಮ್ದೂ ಒಂದು ಕುಟುಂಬಾನೇ” ಎಂದವರು ಆ ಮನುಷ್ಯನತ್ತ ತಿರುಗಿದರು. “ಜೋಜಪ್ಪ ತೀರ್ಕೊಂಡ್ಮೇಲೆ ಮರಿಯಮ್ಮನ್ನೂ ಬೆಂಚಲ್ಲೇ ಕೂರಿಸ್ತಿದ್ರಾ?”

ಆ ಕಾರ್ಯಕರ್ತರ ಕೈ ಇಳಿಯಲಿಲ್ಲ. ಸೆಲಿನಮ್ಮ ನಿಂತಲ್ಲೇ ಮಕ್ಕಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಹೊರಗೆ ನಡೆದರು. ನಾನೂ ನನ್ನ ಯಜಮಾನರೂ ಸಾಲು ಬಿಟ್ಟು ಅವರ ಹಿಂದೆ ಹೋದೆವು.

ಈಗಲೂ ಆ ಹಬ್ಬದ ದಿನ ನನ್ನ ಕಣ್ಣು ಗೋದಲಿಯ ಕಡೆ ಹೋಗುವ ಮೊದಲು ಬೆಂಚುಗಳ ಕಡೆ ಹೋಗುತ್ತದೆ. ಇವತ್ತು ಯಾರನ್ನು ಕೂರಿಸಿದ್ದಾರೆ ಎಂದು ನೋಡುತ್ತೇನೆ.