ಕೂಗದೆ ಉಳಿದ ಅಂಕಿ

ಮಾಡೆಲ್ ಹೆಲಿಕಾಪ್ಟರಿನ ರಿಮೋಟಿನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಸಾಕು, ಗಂಗಾಧರಣ್ಣ ಆ ಅಂಕಿಯನ್ನು ಇಡೀ ಬಯಲಿಗೆ ಕೇಳುವಂತೆ ಕೂಗುತ್ತಿದ್ದರು. "ಬಾಲಕ್ಕೆ ನಲವತ್ತೆರಡೂ!" ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಕೂಗು ತಪ್ಪುತ್ತಿರಲಿಲ್ಲ. ಮೂವತ್ತು ವರ್ಷ ಮೀನುಗಾರಿಕೆ ಬೋಟುಗಳ ಇಂಜಿನ್ ನೋಡಿಕೊಂಡವರು. ಆ ಸದ್ದಿನಲ್ಲಿ ಹೇಳದೆ ಏನನ್ನಾದರೂ ಮುಟ್ಟಿದರೆ ಇನ್ನೊಬ್ಬನ ಬೆರಳು ಹೋಗುತ್ತದೆ ಎನ್ನುತ್ತಿದ್ದರು.

ಉಳ್ಳಾಲದ ಕಡಲ ಬದಿಯ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಮಂದಿ ಮಾಡೆಲ್ ಹೆಲಿಕಾಪ್ಟರ್ ಹಾರಿಸುತ್ತಿದ್ದೆವು. ನಾನು ಕೊಟ್ಟಾರದ ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು, ಗುಂಪಿನಲ್ಲಿ ಒಬ್ಬಳೇ ಹೆಂಗಸು. ಮೊದಲ ದಿನವೇ ನನ್ನ ಹೆಲಿಕಾಪ್ಟರ್ ನಾಯಿಯ ಹಾಗೆ ಬಾಲ ಅಲ್ಲಾಡಿಸಿತು. ಗಾಬರಿಯಲ್ಲಿ ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿ ಮತ್ತೆ ಏರಿಸಿದೆ. ಸೀದಾ ಹೋಗಿ ಗಾಳಿಮರಕ್ಕೆ ಬಡಿಯಿತು.

"ಎಂತ ಮಾರಾಯ್ತಿ, ಮೀನು ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಒಟ್ಟಿಗೆ ಸುರಿದು ಯಾವುದು ಹೆಚ್ಚಾಯ್ತು ಅಂತ ಕೇಳಿದ್ರೆ ನಾನು ಎಂತ ಹೇಳುದು? ಒಂದು ಸಲಕ್ಕೆ ಒಂದೇ ಮುಟ್ಟು. ಮುಟ್ಟಿದ್ದನ್ನು ಕೂಗು."

ಹಾಗೆ ಬೈದ ಗಂಗಾಧರಣ್ಣನವರೇ ಮೂರು ಭಾನುವಾರ ಕೂತು ಅದನ್ನು ರಿಪೇರಿ ಮಾಡಿಕೊಟ್ಟರು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅವರ ಕೈಗಳು ಹೆಚ್ಚಾಗಿ ಪ್ಯಾಂಟಿನ ಜೇಬಿನಲ್ಲೇ ಇರುತ್ತಿದ್ದವು. ಚಹಾ ಕೊಟ್ಟರೆ "ಅಲ್ಲೇ ಇಡು, ಬಿಸಿ ಉಂಟು" ಎನ್ನುತ್ತಿದ್ದರು. ನಾನು ಅದಕ್ಕೆ ಗಮನ ಕೊಡಲಿಲ್ಲ. ಹಾರಿಸಲು ನಿಂತರೆ ಅವರ ಹೆಲಿಕಾಪ್ಟರ್ ಮೊಳೆ ಹೊಡೆದಂತೆ ಒಂದೇ ಕಡೆ ನಿಲ್ಲುತ್ತಿತ್ತಲ್ಲ!

ಒಂದು ಭಾನುವಾರ ಪಣಂಬೂರಿನಿಂದ ಕೆಲವರು ಅವರ ಕೈಚಳಕ ನೋಡಲೆಂದೇ ಬಂದರು. ಗಂಗಾಧರಣ್ಣ ರಿಮೋಟನ್ನು ನನಗೆ ಕೊಟ್ಟು, "ಕನ್ನಡಕ ತರ್ಲಿಲ್ಲ. ಬಾಲ ಎರಡು ಇಳಿಸು" ಎಂದರು. ಇಳಿಸಿ "ನಲವತ್ತೂ!" ಎಂದು ಕೂಗಿದೆ. ಮುಂದಿನ ಪುಟದಲ್ಲಿ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಕಣ್ಣಿಗೆ ಬಿತ್ತು. ಅದು ಹೆಚ್ಚಿದಷ್ಟೂ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ಕಿನ ನಡುಭಾಗ ಮಂದವಾಗುತ್ತದೆ. ಬೆರಳು ಸ್ವಲ್ಪ ಅಲುಗಿದರೆ ಹೆಲಿಕಾಪ್ಟರಿಗೆ ತಿಳಿಯುವುದಿಲ್ಲ. ನಮ್ಮೆಲ್ಲರದು ಮೂವತ್ತರ ಆಸುಪಾಸು. ಅವರದು ಎಪ್ಪತ್ತು. ಕನ್ನಡಕವಿಲ್ಲದೆ ತಪ್ಪಿ ಒತ್ತಿರಬೇಕು ಎಂದುಕೊಂಡೆ. ಬಂದವರ ಎದುರು ಅವರ ತಪ್ಪನ್ನು ಕೂಗುವುದು ಹೇಗೆ? ಸದ್ದಿಲ್ಲದೆ ಮೂವತ್ತಕ್ಕೆ ಇಳಿಸಿ ರಿಮೋಟನ್ನು ಅವರ ಕೈಗೆ ಕೊಟ್ಟೆ.

ತಲೆಯೆತ್ತರಕ್ಕೆ ಏರುತ್ತಿದ್ದಂತೆ ಹೆಲಿಕಾಪ್ಟರ್ ಗಡಗಡ ನಡುಗತೊಡಗಿತು. "ಗಾಳಿಯಾ?" ಎಂದು ಯಾರೋ ಕೇಳಿದರು. ಗಾಳಿ ಇರಲಿಲ್ಲ. ನಾನು ಅವರ ಹೆಬ್ಬೆರಳುಗಳನ್ನು ನೋಡಿದೆ. ಎರಡೂ ನಡುಗುತ್ತಿದ್ದವು, ಅದೇ ಲಯದಲ್ಲಿ. ಹೆಲಿಕಾಪ್ಟರ್ ವಾಲುತ್ತಾ ಜನರತ್ತ ಸರಿಯಿತು. "ಹಿಂದೆ ಹೋಗಿ!" ಎಂದು ಕಿರುಚಿ, ಅವರ ಹೆಬ್ಬೆರಳುಗಳ ಮೇಲೆ ನನ್ನ ಹೆಬ್ಬೆರಳುಗಳನ್ನಿಟ್ಟು ಒತ್ತಿ ಹಿಡಿದೆ. "ನಿಧಾನ... ಇಳಿಸು" ಎಂದರು. ನಾಲ್ಕು ಹೆಬ್ಬೆರಳು ಸೇರಿ ಅದನ್ನು ಹೇಗೋ ನೆಲ ಮುಟ್ಟಿಸಿದವು.

"ಎಕ್ಸ್‌ಪೋ ಎಷ್ಟು ಮಾಡಿದ್ದಿ?"

"ಮೂವತ್ತು."

"ಕೂಗ್ಲಿಲ್ಲ ನೀನು." ರಿಮೋಟ್ ಆಫ್ ಮಾಡುತ್ತಾ ಹೇಳಿದರು, "ನಾನೂ ಕೂಗಿರ್ಲಿಲ್ಲ ಮಾರಾಯ್ತಿ."

ಎಪ್ಪತ್ತಕ್ಕೇ ಏರಿಸುತ್ತೇನೆಂದೆ. "ಬೇಡ, ಹಾಗೇ ಇರ್ಲಿ" ಎಂದು ಕೈಗಳನ್ನು ಜೇಬಿಗಿಳಿಸಿಕೊಂಡರು.

ಮತ್ತೆ ಅವರು ಬಯಲಿಗೆ ಬರಲಿಲ್ಲ. ಫೋನ್ ಮಾಡಿದರೆ "ಗಾಳಿ ಕಡಿಮೆ ಆಗ್ಲಿ, ಬರ್ತೇನೆ" ಎನ್ನುತ್ತಿದ್ದರು. ಎರಡು ತಿಂಗಳ ಮೇಲೆ ಮನೆಗೆ ಕರೆಸಿ ಹೆಲಿಕಾಪ್ಟರನ್ನೂ ರಿಮೋಟನ್ನೂ ನನ್ನ ಕೈಗೆ ಕೊಟ್ಟರು. ಕ್ಷಮೆ ಕೇಳಬೇಕೆಂದು ಹೋದವಳು ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಡಚಿಟ್ಟುಕೊಂಡೆ. "ಹಾರಿಸು, ಸುಮ್ನೆ ಇಟ್ರೆ ತುಕ್ಕು ಹಿಡೀತದೆ" ಎಂದರಷ್ಟೇ. ಅದೇ ಕೊನೆಯ ಭೇಟಿ. ಜಡಿಮಳೆಯ ಆಟಿ ತಿಂಗಳಲ್ಲಿ ತೀರಿಕೊಂಡರು.

ಮಳೆ ಬಿಟ್ಟ ಮೊದಲ ಭಾನುವಾರ ಅವರ ಹೆಲಿಕಾಪ್ಟರನ್ನು ಬಯಲಿಗೆ ಒಯ್ದೆ. ಗೆಳೆಯರು ಸುತ್ತ ನಿಂತಿದ್ದರು. ಬಾಲ ಎರಡು ಏರಿಸಿ, "ಬಾಲಕ್ಕೆ ನಲವತ್ತೆರಡೂ!" ಎಂದು ಕೂಗಿ ಮುಂದಿನ ಪುಟ ತೆರೆದೆ. ನಾನು ಇಳಿಸಿದ್ದ ಮೂವತ್ತು ಅಲ್ಲಿರಲಿಲ್ಲ. ಎಪ್ಪತ್ತೂ ಇರಲಿಲ್ಲ. ನೂರು ಇತ್ತು. ಅದಕ್ಕಿಂತ ಮೇಲೆ ಆ ಸೆಟ್ಟಿಂಗ್ ಹೋಗುವುದಿಲ್ಲ. ಗಾಳಿ ಕಡಿಮೆಯಾಗಲಿ ಎನ್ನುತ್ತಿದ್ದ ಆ ಎರಡು ತಿಂಗಳಲ್ಲಿ ಅವರು ಮನೆಯಂಗಳದಲ್ಲಿ ಒಬ್ಬರೇ ಅದನ್ನು ಏರಿಸುತ್ತಾ, ಸೋಲುತ್ತಾ, ಅಂಕಿ ಮುಗಿಯುವವರೆಗೂ ಹೋಗಿರಬೇಕು.

"ಮುಂದಿನದು ಎಷ್ಟು?" ಎಂದು ಒಬ್ಬರು ಕೇಳಿದರು.

ನಾನು ಅದನ್ನು ಮುಟ್ಟಲಿಲ್ಲ. ಮುಟ್ಟದ್ದನ್ನು ಕೂಗಬೇಕಾಗಿಯೂ ಇರಲಿಲ್ಲ. ಪುಟ ಮುಚ್ಚಿ, ಹಾಗೆಯೇ ಹಾರಿಸಿದೆ.