ಡೇರಿ ಕ್ಯೂನಲ್ಲಿ ನಮ್ಮೂರ ಶಾಲೆಯ ಬಜೆಟ್

ಸ್ನೇಹಿತರೇ, ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕರೆದರೆ ಯಾರೂ ಬರುವುದಿಲ್ಲ. ಅದಕ್ಕೇ ಹೆಡ್ ಮೇಡಂ ಇವತ್ತು ಸಂಜೆ ನಡಾವಳಿ ಪುಸ್ತಕ ಹಿಡಿದು ಹಾಲಿನ ಡೇರಿಗೇ ಬಂದುಬಿಟ್ಟರು. ಸದಸ್ಯರೆಲ್ಲ ಕ್ಯಾನ್ ಹಿಡಿದು ಸಾಲಿನಲ್ಲಿದ್ದೆವು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಈ ಸಲದ ಅನುದಾನದಲ್ಲಿ ತರಗತಿಗೆ ಫ್ಯಾನ್ ಹಾಕಿಸೋಣ ಎಂದರು ಮೇಡಂ. ನಮ್ಮೆಲ್ಲರ ಹೆಸರಿರುವ ಬೋರ್ಡ್ ಬರೆಸೋಣ ಎಂದರು ಅಧ್ಯಕ್ಷರು. "ಮಕ್ಳಿಗೆ ಫ್ಯಾನ್ ಯಾತಕ್ಕೆ? ನಾವೇನ್ ಫ್ಯಾನ್ ಕೆಳಗೆ ಕುಂತು ಓದಿದ್ವಾ?"

ಸಾಲಿನ ಹಿಂದಿನಿಂದ ಸದಸ್ಯೆ ಮುನಿಯಮ್ಮ, "ನಿಮ್ ಕೊಟ್ಗೇಲಿ ಅಸುಗಳ್ಗೆ ಎಲ್ಡು ಫ್ಯಾನ್ ತಿರುಗ್ತಾವಲ್ಲಣ್ಣ" ಎಂದಳು.

"ಅಸು ಆಲು ಕೊಡ್ತದೆ ಕಣಮ್ಮ."

ಮೇಡಂ ಅದನ್ನೂ ಬರೆದುಕೊಂಡು ಗಟ್ಟಿಯಾಗಿ ಓದಿದರು: "ಮಕ್ಕಳು ಹಾಲು ಕೊಡದ ಕಾರಣ ಫ್ಯಾನ್ ಬೇಡವೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಸಹಿ ಮಾಡಿ ಸಾರ್."

ಫ್ಯಾನಿಗೆ ಅಲ್ಲೇ ಒಪ್ಪಿಗೆ ಸಿಕ್ಕಿತು. ಪುಸ್ತಕದಲ್ಲಿ ಬರೆದ ಆ ಸಾಲನ್ನು ಮಾತ್ರ ಮೇಡಂ ಇನ್ನೂ ಹೊಡೆದುಹಾಕಿಲ್ಲ. ಮುಂದಿನ ವರ್ಷವೂ ಬಜೆಟ್ ಇರುತ್ತದಲ್ಲ.